ಬೇಜಾರಿನ ಕೋಣೆ

ಶಾಲೆಯಲ್ಲಿ ಮೊದಲ ದಿನ ನನ್ನನ್ನು ಹುಡುಕಿಕೊಂಡು ಬಂದದ್ದು ಮಕ್ಕಳ್ಯಾರೂ ಅಲ್ಲ, ಒಬ್ಬ ಅಪ್ಪ. ಹಳೇ ಬಂದರಿನಲ್ಲಿ ಕೆಲಸ, ಶರ್ಟಿನ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಅಂಕಪಟ್ಟಿ. ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಇನ್ನೊಮ್ಮೆ ಓದಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಮಗ ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು. ಅಂಕಪಟ್ಟಿ ದೊಡ್ಡ ಮಗಳದ್ದು, ಪಿಯುಸಿಯದ್ದು.

‘ಮೇಡಂ, ಕೌನ್ಸೆಲಿಂಗ್ ಅಂತ ಬರೆದದ್ದುಂಟಲ್ಲ, ಮಗಳಿಗೆ ನರ್ಸಿಂಗಿಗೆ ಸರಕಾರಿ ಸೀಟು ಎಲ್ಲಿಯಾದ್ರೂ ಸಿಗ್ತದಾ?’

ತಪ್ಪು ಅವರದ್ದಲ್ಲ. ನಮ್ಮ ರಾಜ್ಯದಲ್ಲಿ ಕೌನ್ಸೆಲಿಂಗ್ ಅಂದರೆ ಸೀಟು ಹಂಚುವುದು. ಮೇಷ್ಟರುಗಳನ್ನು ಕೇಳಿದರೆ ವರ್ಗಾವಣೆ. ಮಗುವಿನ ಎದುರು ಕೂತು ಅದರ ಮಾತು ಕೇಳುವ ಕೆಲಸಕ್ಕೂ ಅದೇ ಹೆಸರು ಅಂತ ಮಂಗಳೂರಿನ ಕುದ್ರೋಳಿಯ ಒಬ್ಬ ಅಪ್ಪನಿಗೆ ಯಾಕೆ ಗೊತ್ತಿರಬೇಕು? ಗೊತ್ತಿದ್ದಷ್ಟು ಹೇಳಿದೆ, ಪರೀಕ್ಷಾ ಪ್ರಾಧಿಕಾರದ ಜಾಲತಾಣ ತೋರಿಸಿದೆ. ಅವರು ಖುಷಿಯಾಗಿ ಹೋದರು. ಆ ದಿನ ಬೇರೆ ಯಾರೂ ಬರಲಿಲ್ಲ.

ಆರು ವರ್ಷ ಕನ್ನಡ ಟೀಚರಾಗಿದ್ದವಳು ನಾನು. ವ್ಯಾಕರಣ ಬಿಟ್ಟು ಈ ಕಡೆ ಬಂದೆ. ಮನೆ ಅಳಕೆಯಲ್ಲಿ, ಗೋಕರ್ಣನಾಥ ದೇವಸ್ಥಾನದ ದಸರಾ ದೀಪ ನಮ್ಮ ಜಗಲಿಗೂ ಬೀಳುವಷ್ಟು ಹತ್ತಿರ. ಈಗ ಆಸುಪಾಸಿನ ಎರಡು ಶಾಲೆಗಳಿಗೆ ವಾರಕ್ಕೆ ಎರಡೆರಡು ದಿನ ಹೋಗುತ್ತೇನೆ. ಆಪ್ತ ಸಮಾಲೋಚಕಿ ಎನ್ನುವುದು ಕಾಗದದಲ್ಲಿರುವ ಹೆಸರು. ಈ ಕೆಲಸಕ್ಕೆ ಹೇಗೆ ಸೇರುವುದು, ಏನು ಓದಬೇಕು, ಸಂಬಳ ಎಷ್ಟು ಅಂತ ಈಚೆಗೆ ಫೋನು ಮಾಡುವ ಹುಡುಗಿಯರು ಹೆಚ್ಚಾಗಿದ್ದಾರೆ. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಶಾಲೆಗಳಲ್ಲಿ ಇದಕ್ಕೆ ಪಾಸ್ಟೋರಲ್ ಕೇರ್ ಎನ್ನುತ್ತಾರೆ. ಪಾಸ್ಟರ್ ಅಂದರೆ ಮೂಲದಲ್ಲಿ ಕುರಿ ಕಾಯುವವನು. ಪಾಠ, ಪರೀಕ್ಷೆ ಬಿಟ್ಟು ಮಗುವಿನ ಉಳಿದೆಲ್ಲ ಯೋಗಕ್ಷೇಮ ಅದರೊಳಗೆ ಬರುತ್ತದೆ. ಅದನ್ನು ನೋಡಿಕೊಳ್ಳಲಿಕ್ಕೆಂದೇ ಅಲ್ಲಿ ಪ್ರತ್ಯೇಕ ಹುದ್ದೆಗಳಿವೆ. ನಮ್ಮಲ್ಲಿ ಆ ಕುರಿ ಕಾಯುವ ಕೆಲಸ ಕ್ಲಾಸ್ ಟೀಚರದ್ದು. ಹಾಜರಿ, ಬಿಸಿಯೂಟದ ಲೆಕ್ಕ, ಸಮವಸ್ತ್ರದ ಅಳತೆ, ಆನ್‌ಲೈನ್ ಎಂಟ್ರಿ ಎಲ್ಲ ಮುಗಿದ ಮೇಲೆ ಸಮಯ ಉಳಿದರೆ.

ನನಗೆ ಕೊಟ್ಟ ಕೋಣೆ ಆಟದ ಸಾಮಾನಿನದ್ದು. ಗಾಳಿ ಹೋದ ಮೂರು ವಾಲಿಬಾಲ್, ಒಂದು ಮೂಲೆ ಉಬ್ಬಿದ ಕೇರಂ ಬೋರ್ಡು, ಸ್ವಾತಂತ್ರ್ಯ ದಿನಾಚರಣೆಯ ಬಾವುಟದ ಕೋಲುಗಳು. ಮೇಜು ಒಂದು, ಕುರ್ಚಿ ಎರಡು. ಮೇಜಿನ ಆಚೆಗೊಂದು ಈಚೆಗೊಂದು ಕುರ್ಚಿ ಇಟ್ಟು ಕೂತೆ, ಹೆಡ್ಮಿಸ್ ಕೂರುವ ಹಾಗೆ. ಬಂದ ಮಕ್ಕಳು ಕೈಕಟ್ಟಿ ನಿಲ್ಲುತ್ತಿದ್ದರು. ಕೂತ್ಕೋ ಅಂದರೂ ಕೂರುತ್ತಿರಲಿಲ್ಲ. ‘ಯಾಕೆ ಬಂದೆ?’ ಅಂದರೆ ಒಂದೇ ಉತ್ತರ: ‘ಮಿಸ್ ಕಳಿಸಿದ್ದು.’ ಕ್ಲಾಸಿನಲ್ಲಿ ಗಲಾಟೆ ಮಾಡಿದವರಿಗೆ ‘ನಿನ್ನನ್ನು ಕೌನ್ಸೆಲಿಂಗಿಗೆ ಕಳಿಸ್ತೇನೆ ನೋಡು’ ಎಂಬ ಹೊಸ ಬೆದರಿಕೆ ಶುರುವಾಗಿತ್ತು ಅಂತ ನನಗೆ ಆಮೇಲೆ ತಿಳಿಯಿತು. ಬೆತ್ತ ಹೋಗಿ ಆ ಜಾಗಕ್ಕೆ ನಾನು ಬಂದಿದ್ದೆ.

ಮೂರನೇ ವಾರ ಮೇಜನ್ನು ಗೋಡೆಗೆ ದೂಡಿದೆ. ಕೇರಂ ಬೋರ್ಡನ್ನು ಸ್ಟೂಲಿನ ಮೇಲೆ ಇಟ್ಟು, ಕುರ್ಚಿಗಳನ್ನು ಅದರ ಎರಡು ಬದಿಗೆ ಹಾಕಿದೆ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಾಗದ ಮಗು ಬಿಳಿ ಬಿಲ್ಲೆ ನೋಡುತ್ತ ಮಾತಾಡುತ್ತದೆ. ನನ್ನ ಡಿಪ್ಲೊಮಾದ ಯಾವ ಪಾಠದಲ್ಲೂ ಕೇರಂ ಇರಲಿಲ್ಲ. ಉಬ್ಬಿದ ಮೂಲೆಯಿಂದ ಸ್ಟ್ರೈಕರು ಸದಾ ನನ್ನ ಕಡೆಗೇ ಜಾರುತ್ತಿತ್ತು. ಮಕ್ಕಳಿಗೆ ಅದೊಂದು ಖುಷಿ.

ಈಗ ಬೇಜಾರಿನ ವಿಷಯಕ್ಕೆ ಬರುತ್ತೇನೆ. ನನ್ನ ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದವು: ಆಂಗ್ಸೈಟಿ, ಡಿಪ್ರೆಶನ್, ಗ್ರೀಫ್, ಸ್ಟ್ರೆಸ್. ಕನ್ನಡದಲ್ಲಿ ಆತಂಕ, ಖಿನ್ನತೆ, ದುಗುಡ ಎಂಬ ಮಾತುಗಳನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರ ಸಾಲು ಸಾಲು ಪುಸ್ತಕಗಳ ಪಾಲು ದೊಡ್ಡದು. ಅವನ್ನೂ ಓದಿಕೊಂಡಿದ್ದೆ. ಆದರೆ ಕುದ್ರೋಳಿಯ ಮಗು ಮನೆಯಲ್ಲಿ ತುಳು ಮಾತಾಡುತ್ತದೆ, ಅಥವಾ ಬ್ಯಾರಿ, ಅಥವಾ ಕೊಂಕಣಿ. ಶಾಲೆಯಲ್ಲಿ ಕನ್ನಡ ಬರೆಯುತ್ತದೆ. ಹೊಟ್ಟೆಯೊಳಗಿನ ಸಂಕಟಕ್ಕೆ ಈ ನಾಲ್ಕೂ ಭಾಷೆಯಲ್ಲಿ ಅದರ ಹತ್ತಿರ ಇರುವುದು ಒಂದೇ ಮಾತು, ಬೇಜಾರು. ಪಾರ್ಸಿಯಿಂದ ಹೊರಟು ಹಿಂದೂಸ್ಥಾನಿಯಲ್ಲಿ ರೋಸಿಹೋಗುವುದು ಎಂಬ ಅರ್ಥ ಇಟ್ಟುಕೊಂಡ ಪದ, ನಮ್ಮ ಕರಾವಳಿಗೆ ಬಂದು ಎಲ್ಲ ದುಃಖಗಳ ಕೈಚೀಲವಾಗಿದೆ.

ಪೀರಿಯಡ್ ಉದ್ದ ಆದರೆ ಬೇಜಾರು. ಗೆಳತಿ ಬೇರೆ ಬೆಂಚಿಗೆ ಹೋದರೆ ಬೇಜಾರು. ಅಜ್ಜಿ ತೀರಿಹೋದರೂ ಬೇಜಾರು. ರಾತ್ರಿ ಅಪ್ಪ ಕುಡಿದು ಬಂದು ಅಮ್ಮನಿಗೆ ಹೊಡೆದದ್ದಕ್ಕೂ ಬೇಜಾರು. ಬದುಕುವುದೇ ಬೇಡ ಅನ್ನಿಸಿದ ಹುಡುಗಿಯೂ ಹೇಳಿದ್ದು ಅಷ್ಟೇ, ‘ಎಂಕ್ ಬೇಜಾರ್ ಆಪುಂಡು ಮಿಸ್.’ ಧ್ವನಿಯಲ್ಲೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಮೊದಲ ವರ್ಷ ನಾನು ಕಲಿತ ಕೆಲಸ ಅಂದರೆ, ಈ ಕೈಚೀಲದೊಳಗೆ ಏನಿದೆ ಅಂತ ಚೀಲ ಕಸಿದುಕೊಳ್ಳದೆ ನೋಡುವುದು. ‘ಯಾಕೆ ಬೇಜಾರು?’ ಅಂತ ಕೇಳಬಾರದು, ಅದು ವಿಚಾರಣೆಯ ಹಾಗೆ ಕೇಳುತ್ತದೆ. ‘ಯಾವ ಬೇಜಾರು, ನಿದ್ದೆ ಬರುವಂಥದ್ದಾ, ನಿದ್ದೆ ಬಾರದಂಥದ್ದಾ?’ ಅಂದರೆ ಮಗು ಸ್ವಲ್ಪ ಯೋಚಿಸುತ್ತದೆ. ‘ಊಟ ಸೇರ್ತದಾ?’ ‘ಬೇಜಾರು ದೇಹದಲ್ಲಿ ಎಲ್ಲಿ ಬರ್ತದೆ?’ ಒಬ್ಬಳು ಕುತ್ತಿಗೆ ತೋರಿಸಿದಳು. ಒಬ್ಬ ಅಂಗೈ ತೋರಿಸಿದ. ತುಳುವಿನಲ್ಲಿ ‘ಮಂಡೆಬೆಚ್ಚ’ ಎನ್ನುತ್ತೇವೆ, ನಮ್ಮ ಊರಿನ ಕನ್ನಡದಲ್ಲಿ ‘ತಲೆಬಿಸಿ’. ಬೇಜಾರಿನಿಂದ ತಲೆಬಿಸಿಗೆ, ತಲೆಬಿಸಿಯಿಂದ ‘ಪೋಡಿಗೆ’ಗೆ, ಅಂದರೆ ಹೆದರಿಕೆಗೆ ಮಗು ತಾನಾಗಿ ದಾಟುವಾಗ ನಾನು ಪೆನ್ನು ಕೆಳಗಿಡುತ್ತೇನೆ.

ಕೋಣೆಗೆ ಹೆಸರು ಬಿದ್ದದ್ದೂ ಹಾಗೆಯೇ. ಆರನೇ ಕ್ಲಾಸಿನವರು ಒಬ್ಬರಿಗೊಬ್ಬರು ‘ಬೇಜಾರ್ ರೂಮಿಗೆ ಹೋಗಿ ಬರ್ತೇನೆ’ ಎನ್ನುತ್ತಿದ್ದರು. ಬಾಗಿಲಿನ ಕಾಗದ ಮಳೆಗೆ ನೆನೆದು ಬಿದ್ದುಹೋದ ಮೇಲೆ ನಾನು ಇನ್ನೊಂದು ಅಂಟಿಸಲಿಲ್ಲ.

ಊರಿಗೊಂದು ಪಂಚಾಂಗ ಇರುತ್ತದೆ, ಇಲ್ಲಿ ಈ ಕೆಲಸ ಮಾಡುವವರು ಮೊದಲು ಓದಬೇಕಾದದ್ದು ಅದನ್ನು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಧಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಶಾಲೆ ತೆರೆಯುವುದೂ ಅದೇ ಹೊತ್ತಿಗೆ. ಹತ್ತು ದಿನ ಕಡಲಲ್ಲಿ, ಎರಡು ದಿನ ಮನೆಯಲ್ಲಿ ಇರುವ ಅಪ್ಪ ಈಗ ಎರಡು ತಿಂಗಳು ಮನೆಯಲ್ಲೇ. ಕೈಯಲ್ಲಿ ದುಡ್ಡಿಲ್ಲ. ಹೊಸ ಚೀಲ, ಕೊಡೆ, ನೋಟ್‌ಬುಕ್ಕು ಬೇಕು. ಜೂನ್ ತಿಂಗಳಲ್ಲಿ ‘ಹೊಟ್ಟೆನೋವು’ ಎಂದು ಕೂರುವ ಮಕ್ಕಳ ಸಂಖ್ಯೆ ಹೆಚ್ಚಿದ್ದನ್ನು ಎರಡು ವರ್ಷ ಗಮನಿಸಿದ ಮೇಲೆ ನನಗೆ ಈ ಲೆಕ್ಕ ಹೊಳೆಯಿತು. ಆಗಸ್ಟಿನಲ್ಲಿ ಬೋಟು ಇಳಿದರೆ ಅರ್ಧ ಹೊಟ್ಟೆನೋವು ತಾನಾಗಿ ಹೋಗುತ್ತದೆ. ಉಳಿದರ್ಧ ನನ್ನ ಕೆಲಸ.

ಹೊಳೆಯಾಚೆಯ ಬೆಂಗ್ರೆಯಿಂದ ಬರುವವರದ್ದು ಇನ್ನೊಂದು ಕತೆ. ಫಲ್ಗುಣಿ ಕೆಂಪಾಗಿ ಹರಿಯುವ ದಿನ ದೋಣಿ ದಾಟಲು ಮನೆಯವರಿಗೆ ಧೈರ್ಯ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು ಬೀಳುತ್ತದೆ. ‘ನೀನು ಆಗಾಗ ಯಾಕೆ ತಪ್ಪಿಸ್ತೀ?’ ಎಂಬ ಪ್ರಶ್ನೆಗೆ ಮೊದಲು ಹೊಳೆ ಉತ್ತರ ಕೊಡಬೇಕು. ಇನ್ನು ಅಮ್ಮ, ಉಮ್ಮ, ಅಕ್ಕ ಯಾರಾದರೊಬ್ಬರು ಬೀಡಿ ಕಟ್ಟುವ ಮನೆಗಳು. ಬ್ರಾಂಚಿಗೆ ಬೀಡಿ ಕೊಡುವ ಹಿಂದಿನ ಸಂಜೆ ಹೋಂವರ್ಕ್ ಆಗಿಲ್ಲ ಅಂದರೆ ಆ ಹುಡುಗಿ ಸೋಮಾರಿಯಲ್ಲ, ಎಲೆ ಕತ್ತರಿಸಿದ್ದಾಳೆ. ಅವಳ ತೋರುಬೆರಳು ನೋಡಿದರೆ ಗೊತ್ತಾಗುತ್ತದೆ.

ನವರಾತ್ರಿಗೆ ಕುದ್ರೋಳಿ ಬೇರೆಯೇ ಊರು. ಶಾರದೆಯ ಮೆರವಣಿಗೆ ರಾತ್ರಿಯಿಡೀ ನಡೆದು ಬೆಳಗ್ಗೆ ದೇವಸ್ಥಾನದ ಕೆರೆಗೆ ಬರುವವರೆಗೆ ಇಲ್ಲಿ ಯಾವ ಮನೆಯ ಮಗುವಿಗೂ ನಿದ್ದೆ ಇಲ್ಲ. ರಜೆ ಮುಗಿದು ಬಂದ ಹುಡುಗರಲ್ಲಿ ಹುಲಿವೇಷ ಹಾಕಿದವರನ್ನು ಕಿವಿಯ ಹಿಂದೆ ನೋಡಿ ಕಂಡುಹಿಡಿಯಬಹುದು. ಎಷ್ಟು ಸೀಮೆಎಣ್ಣೆ ಉಜ್ಜಿದರೂ ಅಲ್ಲೊಂದು ಹಳದಿ ಗೆರೆ ಉಳಿದಿರುತ್ತದೆ. ಒಂಬತ್ತನೇ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಒಬ್ಬನ ಬಗ್ಗೆ ಸ್ಟಾಫ್ ರೂಮಿನಲ್ಲಿ ‘ಅವನಿಗೆ ಯಾವುದರಲ್ಲೂ ಗಮನ ಇಲ್ಲ’ ಎಂಬ ಮಾತಿತ್ತು. ಆ ಹಳದಿ ಗೆರೆಯ ಬಗ್ಗೆ ಕೇಳಿದೆ. ತಾಸೆಯ ಪೆಟ್ಟಿಗೆ ಹೆಜ್ಜೆ ಹೇಗೆ ಬೀಳಬೇಕು, ಪಲ್ಟಿ ಹೊಡೆಯುವ ಮುಂಚೆ ಉಸಿರು ಎಲ್ಲಿ ಹಿಡಿಯಬೇಕು ಅಂತ ಇಪ್ಪತ್ತು ನಿಮಿಷ ವಿವರಿಸಿದ. ಗಮನ ಎಲ್ಲಿಗೆ ಹೋಗಿತ್ತು ಅಂತ ಗೊತ್ತಾಯಿತು. ಅದರಿಂದ ಅವನ ಗಣಿತದ ಅಂಕವೇನೂ ಏರಲಿಲ್ಲ, ಈ ಬಗೆಯ ಕತೆಗಳಲ್ಲಿ ಏರುವ ಹಾಗೆ.

ಗಣಿತದ ಅಂಕ ಅಂದಾಗ ನೆನಪಾಯಿತು, ನಮ್ಮದು ‘ಬುದ್ಧಿವಂತರ ಜಿಲ್ಲೆ’. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು. ಸಂತೋಷವೇ. ಆದರೆ ಮೊದಲ ಸ್ಥಾನದ ಜಿಲ್ಲೆಯಲ್ಲಿ ಫೇಲಾಗುವ ಹುಡುಗನ ಅವಮಾನ ಬೇರೆ ಜಿಲ್ಲೆಯ ಹುಡುಗನದ್ದಕ್ಕಿಂತ ಒಂದು ಹಿಡಿ ಹೆಚ್ಚು. ನೆರೆಮನೆಯವರೆಲ್ಲ ಪಾಸಾಗಿರುತ್ತಾರಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅದರಲ್ಲಿ 2,248 ಸಾವಿಗೆ ಪರೀಕ್ಷೆಯಲ್ಲಿ ಫೇಲಾದದ್ದು ಕಾರಣವೆಂದು ದಾಖಲಾಯಿತು. ಉಳಿದ ಹತ್ತು ಸಾವಿರಕ್ಕೂ ಹೆಚ್ಚು ಸಾವುಗಳ ಹಿಂದೆ ಬೇರೆ ಕಾರಣಗಳಿದ್ದವು. ಮಾರ್ಚಿನಲ್ಲಿ ಮಾತ್ರ ‘ಒತ್ತಡ ನಿವಾರಣಾ ಕಾರ್ಯಕ್ರಮ’ ಇಟ್ಟು, ವೇದಿಕೆಯಿಂದ ಇನ್ನೂರು ಮಕ್ಕಳಿಗೆ ಉಸಿರಾಟ ಹೇಳಿಕೊಡುವವರು ಈ ಎರಡನೇ ಲೆಕ್ಕವನ್ನು ನೋಡಬೇಕು.

ಸುಪ್ರೀಂ ಕೋರ್ಟು ನೋಡಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17ರ ಹುಡುಗಿಯ ಸಾವಿನ ಪ್ರಕರಣದಲ್ಲಿ 2025ರ ಜುಲೈ 25ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ 15 ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಬೇಕು. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡಬಾರದು, ಎಲ್ಲರೆದುರು ಅವಮಾನಿಸಬಾರದು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು. ಟೆಲಿ ಮಾನಸ್‌ನಂಥ ಸಹಾಯವಾಣಿಯ ಸಂಖ್ಯೆ ಗೋಡೆಯ ಮೇಲಿರಬೇಕು. ಅದರ ಸಂಖ್ಯೆ 14416, ಹಗಲು ರಾತ್ರಿ ಯಾವಾಗಲೂ ಮಾತಾಡಬಹುದು, ಕನ್ನಡದಲ್ಲೂ. ನಮ್ಮಲ್ಲಿ ಸಂಖ್ಯೆ ಗೋಡೆಗೆ ಬಂತು. ಹುದ್ದೆ ಬರುವುದು ಅಷ್ಟು ಸುಲಭವಿಲ್ಲ, ಸಂಖ್ಯೆಗೆ ಸಂಬಳ ಕೊಡಬೇಕಾಗಿಲ್ಲವಲ್ಲ.

ಸಂಬಳದ ಮಾತೂ ಬಂದುಬಿಡಲಿ. ನನಗೆ ಸಿಗುವುದು ಗಂಟೆ ಲೆಕ್ಕದ ಗೌರವಧನ. ರಜೆ ತಿಂಗಳಲ್ಲಿ ಇಲ್ಲ. ಎರಡರಲ್ಲೊಂದು ಶಾಲೆಯವರು ಮೊದಲ ವರ್ಷದ ಕೊನೆಗೆ ‘ನೀವು ವಾರಕ್ಕೆ ಎರಡು ಪೀರಿಯಡ್ ಕನ್ನಡ ವ್ಯಾಕರಣವನ್ನೂ ತೆಗೆದುಕೊಂಡರೆ ಹೇಗೆ?’ ಎಂದು ಕೇಳಿದರು. ಆಗುವುದಿಲ್ಲ ಅಂದೆ. ಹತ್ತು ಗಂಟೆಗೆ ಸಂಧಿ ತಪ್ಪಿದ್ದಕ್ಕೆ ಗದರಿದವಳ ಹತ್ತಿರ ಹನ್ನೊಂದು ಗಂಟೆಗೆ ಯಾವ ಮಗು ಬಂದು ಅಳುತ್ತದೆ? ಅವರಿಗೆ ಅದು ಸೊಕ್ಕಿನ ಹಾಗೆ ಕಂಡಿರಬೇಕು.

ಓದುವ ದಾರಿಗಳು ನಮ್ಮ ಊರಲ್ಲೇ ಇವೆ ಎನ್ನುವುದು ಹೊರಗಿನವರಿಗೆ ಆಶ್ಚರ್ಯ. ವಲೆನ್ಸಿಯಾದ ರೋಶನಿ ನಿಲಯ 1960ರಲ್ಲಿ ಶುರುವಾದ ಸಮಾಜಕಾರ್ಯದ ಕಾಲೇಜು. ಕರಾವಳಿಯಲ್ಲಿ ‘ಎಂಎಸ್‌ಡಬ್ಲ್ಯು’ ಎಂಬ ಅಕ್ಷರಗಳಿಗೆ ಅರ್ಥ ಬಂದದ್ದೇ ಅಲ್ಲಿಂದ. ಎಂಎಸ್‌ಡಬ್ಲ್ಯು ಮಾಡಿದವರಿಗೆ ಮನೆ ಭೇಟಿ, ಇಲಾಖೆ, ಪೊಲೀಸ್ ಠಾಣೆಯ ಅಂಜಿಕೆ ಇರುವುದಿಲ್ಲ. ಮನಶ್ಶಾಸ್ತ್ರ ಓದಿದವರಿಗೆ ಪರೀಕ್ಷೆ, ಮಾಪನಗಳ ಕೈ ಚುರುಕು. ಟೀಚರಾಗಿದ್ದವರಿಗೆ ಇನ್ನೊಂದು ದಾರಿ ಉಂಟು, ನಾನು ಹಿಡಿದದ್ದು ಅದನ್ನೇ. ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಒಂದು ವರ್ಷದ್ದು: ಆರು ತಿಂಗಳು ಮನೆಯಲ್ಲಿ ಓದು, ಮೂರು ತಿಂಗಳು ಮುಖಾಮುಖಿ ತರಗತಿ, ಮೂರು ತಿಂಗಳು ನಮ್ಮದೇ ಶಾಲೆಯಲ್ಲಿ ಇಂಟರ್ನ್‌ಶಿಪ್. ದಕ್ಷಿಣದವರಿಗೆ ತರಗತಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ. ಮೂವತ್ತು ದಾಟಿದ ಮೇಲೆ ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲುವ ಸುಖ ಬೇರೆ. ಅಲ್ಲಿ ನಮ್ಮನ್ನು ಜೋಡಿ ಮಾಡಿ ಕೂರಿಸುತ್ತಿದ್ದರು. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಹತ್ತು ನಿಮಿಷ ಸಲಹೆ ಕೊಡದೆ ಕೇಳಬೇಕು. ಟೀಚರುಗಳಾದ ನಾವು ಎರಡನೇ ನಿಮಿಷಕ್ಕೇ ಸೋಲುತ್ತಿದ್ದೆವು.

ಒಂದು ಎಚ್ಚರಿಕೆ. ಸಮಾಲೋಚಕಿ ವೈದ್ಯೆಯಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆನ್‌ಲೈನಿನಲ್ಲಿ ಹದಿನೈದು ದಿನದ ಸರ್ಟಿಫಿಕೇಟು ತೆಗೆದುಕೊಂಡು ಬೋರ್ಡು ಹಾಕುವವರೂ ಇದ್ದಾರೆ, ಅವರ ಬಗ್ಗೆ ನಾನು ಹೆಚ್ಚು ಬರೆದರೆ ಹೊಟ್ಟೆಕಿಚ್ಚು ಅನ್ನಿಸೀತು. ನನ್ನ ಕೈ ಮೀರಿದ್ದನ್ನು ವೆನ್ಲಾಕ್ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಕಳಿಸುತ್ತೇನೆ. ಒಂದಷ್ಟು ಸಲ ಮನೆಯವರ ಜೊತೆ ಬಸ್ಸಿನಲ್ಲಿ ನಾನೇ ಹೋಗಿದ್ದೇನೆ. ‘ಹುಚ್ಚಿನ ಡಾಕ್ಟ್ರಾ?’ ಎಂಬ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಹಂಪನಕಟ್ಟೆ ಬಂದಿರುತ್ತದೆ.

ನನ್ನ ದೊಡ್ಡ ತಪ್ಪು ಕಲಿಕೆಯ ಕೊರತೆಯಿಂದ ಆದದ್ದಲ್ಲ. ಪಾಠ ಗೊತ್ತಿತ್ತು, ಬಾಯಿ ಜಾರಿತು. ಏಳನೇ ಕ್ಲಾಸಿನ ಒಬ್ಬಳು ಎರಡು ವಾರ ಸುಮ್ಮನೆ ಬಂದು ಕೂತು ಹೋಗುತ್ತಿದ್ದಳು. ಮೂರನೇ ವಾರ ಕೇಳಿದಳು, ‘ಯಾರಿಗೂ ಹೇಳಬಾರದು, ಆಯ್ತಾ ಮಿಸ್?’

‘ಇಲ್ಲ ಮಗಾ, ಹೇಳುದಿಲ್ಲ.’

ಅವಳು ಹೇಳಿದಳು. ಹೇಳಿದ್ದು ಹೇಳದೆ ಇರಬಹುದಾದ ವಿಷಯವಾಗಿರಲಿಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಮಿನಲ್ಲಿ ಶಿಕ್ಷೆ. ಆ ಸಂಜೆಯೇ ತಿಳಿಸಬೇಕಾಯಿತು. ಆಗಬೇಕಾದದ್ದು ಆಯಿತು, ಹುಡುಗಿ ಸುರಕ್ಷಿತಳಾದಳು. ಆದರೆ ಅವಳ ಪಾಲಿಗೆ ನಾನು ಮಾತು ತಪ್ಪಿದವಳು. ಆ ವರ್ಷ ಮುಗಿಯುವವರೆಗೆ ಅವಳು ನನ್ನ ಕೋಣೆಯ ಎದುರಿನ ಜಗಲಿ ಬಿಟ್ಟು ಅಂಗಳದ ಬಿಸಿಲಲ್ಲಿ ಸುತ್ತು ಹೊಡೆದು ಕ್ಲಾಸಿಗೆ ಹೋಗುತ್ತಿದ್ದಳು. ಈಗ ಪ್ರತಿ ಮಗುವಿಗೂ ಮೊದಲೇ ಹೇಳುತ್ತೇನೆ: ‘ನೀನು ಹೇಳಿದ್ದನ್ನು ಇಲ್ಲಿಯೇ ಇಡ್ತೇನೆ. ನಿನಗೆ ಅಥವಾ ಬೇರೆ ಯಾರಿಗಾದ್ರೂ ಪೆಟ್ಟಾಗ್ತದೆ ಅಂತ ಇದ್ರೆ ಮಾತ್ರ ಇಡ್ಲಿಕ್ಕೆ ಆಗುದಿಲ್ಲ. ಆವಾಗ ಯಾರಿಗೆ ಹೇಳುದು ಅಂತ ನಿನಗೆ ಹೇಳಿಯೇ ಹೇಳ್ತೇನೆ.’ ಇದನ್ನು ಕೇಳಿ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ. ಹೆಚ್ಚಿನವರು ಮರಳಿ ಬರುತ್ತಾರೆ.

ಈ ಕೆಲಸ ಈ ಊರಿಗೆ ನಮ್ಮಿಂದ ಶುರುವಾದದ್ದು ಅಂತ ಬೀಗುವ ಹಾಗಿಲ್ಲ. ಕುದ್ರೋಳಿಯ ಪಕ್ಕದಲ್ಲೇ ಉರ್ವ ಚಿಲಿಂಬಿ. 1892ರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆಂದು ಮೊದಲ ಶಾಲೆ ತೆರೆದದ್ದು ಅಲ್ಲಿ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ವಕೀಲರು, ಸಾರಸ್ವತ ಬ್ರಾಹ್ಮಣರು. ಸ್ವಂತ ಜಾತಿಯವರು ಅವರನ್ನು ದೂರ ಇಟ್ಟರು. ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ ಅಂತ ಅವರಿಗೆ ಬೇಗ ಗೊತ್ತಾಗಿತ್ತು. ಬಂದ ಮಗುವಿಗೆ ಮಧ್ಯಾಹ್ನ ಊಟ, ದಿನಕ್ಕೆ ಎರಡು ಪೈಸೆ, ಮುಂದೆ ಉಳಿದುಕೊಳ್ಳಲು ಜಾಗ. ಇನ್ನು ಗೋಕರ್ಣನಾಥ ದೇವಸ್ಥಾನ: 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ್ದು, ಬೇರೆ ಗುಡಿಗಳ ಬಾಗಿಲ ಹೊರಗೆ ನಿಂತವರಿಗಾಗಿ. ಹೊರಗೆ ನಿಂತವರನ್ನು ಒಳಗೆ ಕರೆದು ಕೂರಿಸುವ ರೂಢಿ ಈ ಬೀದಿಗಳಿಗೆ ಹೊಸದಲ್ಲ.

ನನಗಿಂತ ಮೊದಲಿನಿಂದ ಶಾಲೆಯಲ್ಲಿ ಇದನ್ನು ಮಾಡುತ್ತಿದ್ದವರು ಬಿಸಿಯೂಟದ ಅಡುಗೆ ಅಕ್ಕ. ಅಕ್ಷರ ದಾಸೋಹ ಬಂದಾಗಿನಿಂದ ಇದೇ ಒಲೆ. ಸಾಂಬಾರು ಬಡಿಸುವ ಸೌಟಿನ ತುದಿಯಿಂದ ಅವರಿಗೆ ಎಲ್ಲ ಕಾಣುತ್ತದೆ. ಯಾರು ಎರಡನೇ ಸಲ ಅನ್ನ ಹಾಕಿಸಿಕೊಂಡರು, ಯಾರು ತಟ್ಟೆ ಹಾಗೇ ತೊಳೆದರು, ಯಾರು ಮೊಟ್ಟೆಯನ್ನು ಟಿಫಿನ್ನಿಗೆ ಹಾಕಿ ತಮ್ಮನಿಗೆ ಅಂತ ಒಯ್ದರು. ‘ಆ ಉದ್ದ ಜಡೆಯವಳು ಸೋಮವಾರದಿಂದ ಉಣ್ಣುದಿಲ್ಲ, ನೋಡಿ ಮಿಸ್’ ಎಂದು ಅವರು ಹೇಳಿದ ಒಂದು ಮಾತು ನನ್ನ ಹತ್ತು ಪುಟದ ಪ್ರಶ್ನಾವಳಿಗೆ ಸಿಗದ್ದನ್ನು ಹಿಡಿದುಕೊಟ್ಟಿತು. ಗುರುವಾರ ಶಾಲೆಗೆ ಬಂದ ಕೂಡಲೇ ನಾನು ಮೊದಲು ಹೋಗುವುದು ಅಡುಗೆಕೋಣೆಗೆ, ಆಮೇಲೆ ಆಫೀಸಿಗೆ. ಸಹಿ ಹಾಕಲು ಎರಡು ನಿಮಿಷ ತಡವಾದರೆ ಹೆಡ್ಮಿಸ್ ಏನೂ ಅನ್ನುವುದಿಲ್ಲ ಈಗ.

ಈ ವರ್ಷ ಒಬ್ಬಳು ಎಂಎಸ್‌ಡಬ್ಲ್ಯು ಹುಡುಗಿ ಫೀಲ್ಡ್‌ವರ್ಕ್‌ಗೆಂದು ನನ್ನ ಜೊತೆ ಬರುತ್ತಿದ್ದಾಳೆ. ಹೊಸ ಡೈರಿ, ನಾಲ್ಕು ಬಣ್ಣದ ಪೆನ್ನು. ‘ಮೇಡಂ, ಮೊದಲು ಏನು ಕೇಳುದು?’ ಅಂದಳು. ನಾನು ಏನೋ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ಆರನೇ ಕ್ಲಾಸಿನ ಒಬ್ಬ ಬಾಗಿಲಲ್ಲಿ ಕಾಣಿಸಿಕೊಂಡ. ಚಪ್ಪಲಿ ಬಿಟ್ಟು ಒಳಗೆ ಬಂದು, ಹೊಸಬಳನ್ನು ಒಮ್ಮೆ ನೋಡಿ, ಕೇರಂ ಬೋರ್ಡಿನ ಎದುರು ಕೂತ. ನಾನು ಫೈಲು ತೆಗೆದು ಏನನ್ನೋ ಹುಡುಕುವವಳ ಹಾಗೆ ಮಾಡಿದೆ. ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಇಬ್ಬರೂ ಸುಮಾರು ಹೊತ್ತು ಮಾತಾಡದೆ ಬಿಲ್ಲೆ ಹೊಡೆದರು. ಅವಳಿಗೆ ಕೇರಂ ಬರುವುದಿಲ್ಲ, ಸ್ಟ್ರೈಕರು ಎರಡು ಸಲ ನೆಲಕ್ಕೆ ಬಿತ್ತು, ಎರಡು ಸಲವೂ ಅವನೇ ಹೆಕ್ಕಿಕೊಟ್ಟ.

‘ಪೌಡರ್ ಖಾಲಿಯಾಗಿದೆ,’ ಅಂದ.

‘ನಾಳೆ ತರ್ತೇನೆ,’ ಅಂದಳು ಅವಳು.

ಅವನು ತಲೆ ಎತ್ತಲಿಲ್ಲ. ‘ನಾಳೆ ನೀವು ಬರುದಿಲ್ಲ ಅಲ್ವಾ ಮಿಸ್. ನಿಮ್ಮದು ಬುಧವಾರ, ಗುರುವಾರ ಮಾತ್ರ.’